ಗಟ್ಟಿ ಮಣ್ಣಿನ ಮೇಲೆ ಜಾರುತ್ತಿದ್ದ ಟ್ರ್ಯಾಕ್ಟರ್ ಬ್ಲೇಡ್: ನನ್ನ ಅನುಭವ

ಬ್ರಹ್ಮಾವರದ ನಮ್ಮ ತೋಟದ ದಾರಿಗೆ ಮಳೆಗಾಲದಲ್ಲಿ ಗುಡ್ಡದ ಕೆಂಪು ಮಣ್ಣು ಇಳಿದು, ದೀಪಾವಳಿ ಹೊತ್ತಿಗೆ ಒಣಗಿ ಕಲ್ಲಾಗಿತ್ತು. ಟ್ರ್ಯಾಕ್ಟರ್ ಹಿಂದೆ ಕಟ್ಟುವ, ಮಣ್ಣು ಕೆರೆಯುವ ಕಬ್ಬಿಣದ ಬ್ಲೇಡ್ ನೆಲ ಕಚ್ಚದೆ ಮೇಲೆಯೇ ಜಾರುತ್ತಿತ್ತು.

ಭಾರಕ್ಕೆಂದು ಬ್ಲೇಡಿಗೆ ಎರಡು ಮರಳು ಚೀಲ ಕಟ್ಟಿದೆ, ಆಗಲಿಲ್ಲ. ಸ್ಪೀಡ್ ಜಾಸ್ತಿ ಮಾಡಿದರೆ ಬ್ಲೇಡ್ ಸುಮ್ನೆ ಕುಣಿಯಿತು. ನೀರು ಬಿಟ್ಟರೆ ಮೇಲಷ್ಟೇ ಕೆಸರಾಗಿ ಚಕ್ರ ಜಾರಿತು.

ಕೆಲಸ ಆಗಿದ್ದು ಬ್ಲೇಡನ್ನು ಓರೆ ಮಾಡಿದಾಗ. ಬ್ಲೇಡ್ ನೆಲಕ್ಕಿಳಿಸಿ, ಇಂಜಿನ್ ಆಫ್ ಮಾಡಿಯೇ ಕೈ ಹಾಕಿ. ಮೊದಲು ಬ್ಲೇಡ್ ತಿರುಗದಂತೆ ಹಿಡಿದಿಡುವ ಪಿನ್ ತೆಗೆದು, ಬಲತುದಿ ಮುಂದೆ ಬರುವಂತೆ ಸುಮಾರು 30 ಡಿಗ್ರಿ ತಿರುಗಿಸಿದೆ. ಆಮೇಲೆ ಬಲಗಡೆ ಲಿಫ್ಟ್ ರಾಡಿನ (ಬ್ಲೇಡನ್ನು ಎತ್ತಿ ಇಳಿಸುವ ಸರಳು) ಹಿಡಿ ತಿರುಗಿಸಿ ಆ ತುದಿಯನ್ನು ಎಡತುದಿಗಿಂತ 3 ಇಂಚು ತಗ್ಗಿಸಿದೆ. ಭಾರವೆಲ್ಲ ಒಂದೇ ಮೂಲೆಗೆ ಬೀಳುತ್ತದೆ, ಅಲ್ವಾ? ಲೋ ಫಸ್ಟ್ ಗೇರ್, ಅಂಚಿನಿಂದ ಶುರು, ಸಲಕ್ಕೆ ಒಂದು ಗೇಣು ಅಗಲ. ಮೂಲೆ ಒಳಗೆ ಹೊಕ್ಕ ಕೂಡಲೇ ಮಣ್ಣು ಹೆಂಟೆ ಹೆಂಟೆಯಾಗಿ ಎದ್ದು ಎಡಕ್ಕೆ ಉರುಳಿತು. ಗಟ್ಟಿ ಪದರ ಒಡೆದ ಮೇಲೆ ರಾಡ್ ಮೊದಲಿನ ಅಳತೆಗೆ ತಂದು ನೆಲ ಸಮ ಮಾಡಿದೆ.