ಹೊತ್ತು ಹೊತ್ತಿಗೆ ಊಟ, ನಡುವೆ ಬಿಡುವು

ಹೊಟ್ಟೆಯುಬ್ಬರ, ಎದೆಯುರಿ, ಮಲಬದ್ಧತೆ ಎಂದು ಒದ್ದಾಡುವವರು ಮೊದಲು ಕೇಳುವುದು ಏನು ತಿನ್ನಬೇಕು, ಏನು ಬಿಡಬೇಕು ಎಂದು. ನನ್ನ ಅನುಭವದಲ್ಲಿ ಮೊದಲು ಸರಿಮಾಡಬೇಕಾದದ್ದು ಹೊತ್ತು. ತಟ್ಟೆಯಲ್ಲಿರುವುದನ್ನು ಎರಡು ವಾರ ಹಾಗೆಯೇ ಬಿಟ್ಟು, ತಿನ್ನುವ ಗಂಟೆಯನ್ನು ಮಾತ್ರ ಗಟ್ಟಿಮಾಡಿಕೊಂಡರೂ ಅರ್ಧ ತೊಂದರೆ ಇಳಿಯುವುದುಂಟು.

ನಮ್ಮ ಮನೆಯಲ್ಲಿ ನಡೆಯುವ ಹೊತ್ತು ಬೆಳಿಗ್ಗೆ 7.15, ಮಧ್ಯಾಹ್ನ 12.45, ಸಂಜೆ 6.45. ತೋಟದ ಕೆಲಸಕ್ಕೆ ಇದು ಹೊಂದುತ್ತದೆ. ಹದಿನೈದು ನಿಮಿಷ ಆಚೀಚೆ ಆದರೆ ಚಿಂತೆಯಿಲ್ಲ, ಒಂದು ಗಂಟೆ ಆಚೀಚೆ ಆಗಬಾರದು. ನಡುವೆ ನೀರು ಮಾತ್ರ. ಬೈಬಲಿನ ದಾನಿಯೇಲನು ದಿನಕ್ಕೆ ಮೂರು ಸಲ ಪ್ರಾರ್ಥಿಸುತ್ತಿದ್ದ. 55ನೇ ಕೀರ್ತನೆಯೂ ಸಂಜೆ, ಬೆಳಿಗ್ಗೆ, ಮಧ್ಯಾಹ್ನ ಎಂದು ಮೂರು ಹೊತ್ತನ್ನು ಹೇಳುತ್ತದೆ. ಕಥೋಲಿಕ ದೇವಾಲಯಗಳಲ್ಲಿ 6, 12, 6ಕ್ಕೆ ಗಂಟೆ ಬಾರಿಸುವ ರೂಢಿಯೂ ಇದೇ ಲೆಕ್ಕದ್ದು. ಪ್ರಾರ್ಥನೆಯ ಬೆನ್ನಿಗೇ ಊಟವನ್ನು ಇಟ್ಟುಕೊಂಡರೆ ಒಂದನ್ನು ನೆನೆದಾಗ ಇನ್ನೊಂದೂ ನೆನಪಾಗುತ್ತದೆ. ಪ್ರಸಂಗಿ 10:17ರಲ್ಲಿ, ಸಕಾಲದಲ್ಲಿ, ಅಮಲಿಗಾಗಿ ಅಲ್ಲದೆ ಬಲಕ್ಕಾಗಿ ಉಣ್ಣುವ ಪ್ರಭುಗಳಿರುವ ನಾಡು ಧನ್ಯ ಎಂಬ ಮಾತಿದೆ. ಒಂದು ಮನೆಯ ಮಟ್ಟಿಗೂ ಅದು ಅಷ್ಟೇ ನಿಜ.

ಬಿಡುವು ಏಕೆ ಬೇಕೆಂಬುದು ತಿಳಿದರೆ ಪಾಲಿಸುವುದು ಸುಲಭ. ಗಟ್ಟಿ ಊಟ ಜಠರದಿಂದ ಇಳಿಯಲು ಸುಮಾರು ಎರಡರಿಂದ ನಾಲ್ಕು ಗಂಟೆ ಬೇಕು. ಕೊಬ್ಬು ಹೆಚ್ಚಿದ್ದರೆ ಇನ್ನೂ ತಡ. ಹೊಟ್ಟೆ ಖಾಲಿಯಾದ ಮೇಲೆ ಜಠರದಿಂದ ಸಣ್ಣಕರುಳಿನ ತುದಿಯವರೆಗೆ ಬಲವಾದ ಅಲೆಯೊಂದು ಸಾಗುತ್ತದೆ. ಉಳಿದ ಚೂರುಪಾರು, ಸತ್ತ ಜೀವಕೋಶ, ಅಲ್ಲಿ ನಿಲ್ಲಬಾರದ ಬ್ಯಾಕ್ಟೀರಿಯಾ ಎಲ್ಲವನ್ನೂ ಮುಂದಕ್ಕೆ ತಳ್ಳುತ್ತದೆ. ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಈ ಅಲೆ ಬರುತ್ತದೆ. ಏನಾದರೂ ತಿಂದ ಕೂಡಲೇ ನಿಲ್ಲುತ್ತದೆ, ಎರಡು ಬಿಸ್ಕತ್ತಾದರೂ ಸರಿ, ಹಾಲು ಸಕ್ಕರೆ ಹಾಕಿದ ಕಾಫಿಯಾದರೂ ಸರಿ. ಕಣ ಗುಡಿಸುತ್ತಿರುವಾಗಲೇ ಮತ್ತೊಂದು ಮೂಟೆ ಕಾಫಿ ಹಣ್ಣು ತಂದು ಸುರಿದಂತೆ ಅದು. ದಿನವಿಡೀ ಎರಡೆರಡು ಗಂಟೆಗೆ ಏನಾದರೂ ಬಾಯಿಗೆ ಹೋಗುತ್ತಿದ್ದರೆ ಹಗಲು ಹೊತ್ತಿನಲ್ಲಿ ಈ ಗುಡಿಸುವ ಕೆಲಸಕ್ಕೆ ಅವಕಾಶವೇ ಸಿಗುವುದಿಲ್ಲ. ಎರಡು ಊಟದ ನಡುವೆ ಐದು ಗಂಟೆ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಕೊಡಗಿನಲ್ಲಿ ಈ ಕ್ರಮ ಮುರಿಯುವುದು ಹೆಚ್ಚಾಗಿ ಕಾಫಿಯಿಂದ. ಎದ್ದ ಕೂಡಲೇ ಒಂದು, ಹತ್ತೂವರೆಗೆ ಒಂದು, ನಾಲ್ಕೂವರೆಗೆ ಒಂದು, ಜೊತೆಗೆ ಬಾಳೆಕಾಯಿ ಚಿಪ್ಸ್. ಬೆಲ್ಲದ ಕಾಫಿ ಹಗುರ ಎಂದು ಕುಡಿಯುವವರಿದ್ದಾರೆ. ಬೆಲ್ಲವೂ ಆಹಾರವೇ, ಎರಡು ಚಮಚ ಬಿದ್ದರೆ ಬಿಡುವು ಮುರಿಯಿತು. ಖಾಲಿ ಹೊಟ್ಟೆಗೆ ಕಾಫಿ ಬಿದ್ದರೆ ಆಮ್ಲ ಹೆಚ್ಚು ಸುರಿಯುತ್ತದೆ, ಎದೆಯುರಿ ಇರುವವರಿಗೆ ಅದು ನೇರ ಏಟು. ಕಾಫಿಯನ್ನು ಬಿಡಿ ಎಂದು ಕಾಫಿ ಬೆಳೆಯುವ ನಾಡಿನಲ್ಲಿ ಹೇಳುವುದು ನ್ಯಾಯವಲ್ಲ, ಬೇಕಾಗಿಯೂ ಇಲ್ಲ. ಅದನ್ನು ಊಟದ ಬೆನ್ನಿಗೆ ಸರಿಸಿದರೆ ಸಾಕು: ಮೊದಲನೆಯದು ತಿಂಡಿಯಾದ ಮೇಲೆ, ಎರಡನೆಯದು ಮಧ್ಯಾಹ್ನದ ಊಟವಾದ ಮೇಲೆ. ಸಂಜೆಯದನ್ನು ತೆಗೆದುಬಿಡಬೇಕು. ಕೆಫೀನಿನ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕಾಗುವುದರಿಂದ ನಾಲ್ಕೂವರೆಯ ಲೋಟ ರಾತ್ರಿ ಒಂಬತ್ತೂವರೆಗೂ ಅರ್ಧ ಉಳಿದಿರುತ್ತದೆ. ರಕ್ತ ಕಡಿಮೆ ಇರುವ ಹೆಂಗಸರಿಗೆ ಮಾತ್ರ ಬೇರೆ ಕ್ರಮ. ಊಟದ ಜೊತೆಗಿನ ಕಾಫಿ ಕಬ್ಬಿಣಾಂಶ ಮೈಗೆ ಹಿಡಿಯುವುದನ್ನು ತಗ್ಗಿಸುತ್ತದೆ. ಅವರು ತಿಂಡಿಯಾಗಿ ಒಂದೆರಡು ಗಂಟೆ ಬಿಟ್ಟು ಹಾಲು, ಸಿಹಿ ಎರಡೂ ಇಲ್ಲದ ಕಾಫಿ ಕುಡಿಯಲಿ.

ಒಮ್ಮೆಲೇ ಎರಡು ಲೋಟ ಬಿಟ್ಟರೆ ಎಷ್ಟೋ ಮಂದಿಗೆ ತಲೆನೋವು ಬರುತ್ತದೆ. ಬಿಟ್ಟ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಶುರುವಾಗಿ ಒಂದೆರಡು ದಿನ ಜೋರಾಗಿದ್ದು, ವಾರದಾಚೆಗೂ ಎಳೆಯಬಹುದು. ಉಪವಾಸದಿಂದ ಹೀಗಾಯಿತು ಎಂದುಕೊಂಡು ಜನ ಕ್ರಮವನ್ನೇ ಕೈಬಿಡುತ್ತಾರೆ. ವಾರಕ್ಕೊಂದು ಲೋಟದಂತೆ, ಅದನ್ನೂ ಕಾಲು ಕಾಲು ಕಡಿಮೆ ಮಾಡುತ್ತ ಇಳಿಸಿದರೆ ಈ ಕಾಟವಿಲ್ಲ.

ಹತ್ತೂವರೆಗೆ ಹಸಿವಾಗುವುದಕ್ಕೆ ಇನ್ನೆರಡು ಕಾರಣಗಳಿವೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ನಾವು ರೂಢಿಯಾಗಿ ತಿನ್ನುವ ಹೊತ್ತಿಗೆ ಏರುತ್ತದೆ, ತಿನ್ನದಿದ್ದರೆ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಒಂದು ಲೋಟ ಬಿಸಿನೀರು ಕುಡಿದು ಅರ್ಧ ಗಂಟೆ ಕೈಗೆ ಕೆಲಸ ಕೊಟ್ಟರೆ ಆ ಅಲೆ ದಾಟುತ್ತದೆ. ಎರಡನೆಯ ಕಾರಣ ಬೆಳಗಿನ ತಟ್ಟೆ. ಎರಡು ಅಕ್ಕಿ ರೊಟ್ಟಿ, ಚಟ್ನಿ ಅಷ್ಟೇ ತಿಂದರೆ ಯಾರಿಗಾದರೂ ಹಸಿವಾಗುತ್ತದೆ. ರೊಟ್ಟಿ ಬೇಕೇ ಬೇಕು: ಮೆತ್ತಗೆ ಬೆಂದ ಅನ್ನ ಒಂದು ಬಟ್ಟಲು, ಅಕ್ಕಿ ಹಿಟ್ಟು ಒಂದು ಬಟ್ಟಲು, ಉಪ್ಪು, ಗಂಟಿಲ್ಲದಂತೆ ಚೆನ್ನಾಗಿ ನಾದಿದರೆ ಐದಾರು ರೊಟ್ಟಿ. ಆದರೆ ಪಕ್ಕದಲ್ಲಿ ಕಾಳಿನ ಪಲ್ಯವೋ ಮೊಟ್ಟೆಯೋ ಇರಬೇಕು. ಒಬ್ಬರಿಗೆ ಒಣಕಾಳು ಒಂದು ಹಿಡಿ, 30ರಿಂದ 40 ಗ್ರಾಂ. ಎಳ್ಳು ಪಜ್ಜಿ, ಅಂದರೆ ಎಳ್ಳಿನ ಚಟ್ನಿ, ಒಂದು ಚಮಚ ಹಾಕಿಕೊಂಡರೆ ಇನ್ನೂ ತಡೆಯುತ್ತದೆ. ಅಕ್ಕಿ ತರಿಯ ಉಂಡೆ ಕಡಂಬುಟ್ಟು ಮಾಡಿದ ದಿನವೂ ಇದೇ ಲೆಕ್ಕ.

ಕಾಳು ತಿಂದರೆ ಗ್ಯಾಸ್ ಎನ್ನುವವರು ಹೆಚ್ಚಾಗಿ ನೆನೆಸಿದ ನೀರಿನಲ್ಲೇ ಬೇಯಿಸುತ್ತಿರುತ್ತಾರೆ. ಎಂಟರಿಂದ ಹನ್ನೆರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಬೇಕು. ವಾಯು ಹುಟ್ಟಿಸುವ ಸಕ್ಕರೆಗಳು ಒಂದಷ್ಟು ಅದರಲ್ಲೇ ಹೋಗುತ್ತವೆ. ಮೊದಲ ವಾರ ಅರ್ಧ ಹಿಡಿ ಸಾಕು. ನಾರನ್ನು ಹಠಾತ್ತಾಗಿ ಏರಿಸಿದರೆ ದೊಡ್ಡಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಹೊಟ್ಟೆ ಉಬ್ಬುತ್ತದೆ. ನಿಧಾನವಾಗಿ ಏರಿಸಿದರೆ ಅವೇ ಬ್ಯಾಕ್ಟೀರಿಯಾ ಬ್ಯುಟಿರೇಟ್ ಎಂಬ ಆಮ್ಲ ತಯಾರಿಸಿ ಕರುಳಿನ ಒಳಪೊರೆಗೆ ಆಹಾರ ಒದಗಿಸುತ್ತವೆ.

ಮಳೆಗಾಲದ ಮೊಸರಿನ ವಿಷಯ ಹೇಳಲೇಬೇಕು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳ ಚಳಿಯಲ್ಲಿ ಮಡಿಕೇರಿ ಕಡೆ ಮೊಸರು ಹೆಪ್ಪಾಗದೆ ಲೋಳೆಯಾಗುತ್ತದೆ. ಅರ್ಧ ಲೀಟರ್ ಹಾಲು ಕಾಯಿಸಿ, ಕಿರುಬೆರಳು ಅದ್ದಿ ಹತ್ತು ಎಣಿಸಿದರೂ ಸುಡದಷ್ಟು ಬೆಚ್ಚಗಾದಾಗ, ಅಂದರೆ 43 ಡಿಗ್ರಿ ಆಸುಪಾಸಿನಲ್ಲಿ, ದೊಡ್ಡ ಚಮಚ ಹೆಪ್ಪು ಹಾಕಿ ಕದಡಬೇಕು. ಪಾತ್ರೆಯನ್ನು ಉಣ್ಣೆಬಟ್ಟೆಯಲ್ಲಿ ಸುತ್ತಿ, ಒಲೆಯ ಬದಿಯ ಬಿಸಿಗೋ ಅಕ್ಕಿ ಡಬ್ಬಿಯೊಳಗೋ ಇಟ್ಟರೆ ಎಂಟರಿಂದ ಹತ್ತು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ನಡುವೆ ಅಲುಗಿಸಬಾರದು. ಮಧ್ಯಾಹ್ನದ ಊಟದ ಕೊನೆಗೆ ಅರ್ಧ ಬಟ್ಟಲು ಸಾಕು. ಇದನ್ನೂ ಊಟದ ಹೊತ್ತಿನಲ್ಲೇ ತಿನ್ನಬೇಕು, ಮೂರು ಗಂಟೆಗೆ ಮಜ್ಜಿಗೆ ಎಂದು ಕುಡಿಯಬಾರದು.

ಮಲವಿಸರ್ಜನೆಯನ್ನೂ ಹೊತ್ತಿಗೆ ಕಟ್ಟಬಹುದು. ತಿಂಡಿ ಬಿದ್ದ ಕೂಡಲೇ ದೊಡ್ಡಕರುಳು ಚುರುಕಾಗುತ್ತದೆ, ಬೆಳಿಗ್ಗೆ ಇದು ಹೆಚ್ಚು. ತಿಂಡಿಯಾಗಿ ಹದಿನೈದರಿಂದ ಮೂವತ್ತು ನಿಮಿಷದೊಳಗೆ, ಬಂದರೂ ಬಾರದಿದ್ದರೂ, ಹತ್ತು ನಿಮಿಷ ಹೋಗಿ ಕೂರಬೇಕು. ಕಮೋಡ್ ಆದರೆ ಕಾಲ ಕೆಳಗೆ ಸಣ್ಣ ಮಣೆ. ಎಂಟು ಗಂಟೆಗೆ ಕೆಲಸಕ್ಕೆ ಓಡುವವರು ತಿಂಡಿಯನ್ನು 7.45ಕ್ಕೆ ಇಟ್ಟುಕೊಂಡರೆ ಈ ಅರ್ಧ ಗಂಟೆ ಸಿಗುವುದೇ ಇಲ್ಲ. ಎಷ್ಟೋ ಮಂದಿಯ ಮಲಬದ್ಧತೆಗೆ ಕಾರಣ ಇಷ್ಟೇ.

ಇನ್ನು ಮೇಜಿನ ಮಾತು. ಕರುಳನ್ನೂ ಮಿದುಳನ್ನೂ ಬೆಸೆಯುವ ವೇಗಸ್ ನರದ ಎಳೆಗಳಲ್ಲಿ ಹೆಚ್ಚಿನವು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಹೊಟ್ಟೆ ಕೆಟ್ಟರೆ ಮನಸ್ಸು ಕೆಡುವುದು ಬರೀ ಭ್ರಮೆಯಲ್ಲ. ಮನಸ್ಸು ಕದಡಿದಾಗ ಜೊಲ್ಲು ಕಡಿಮೆಯಾಗಿ, ಜಠರ ನಿಧಾನವಾಗುವುದೂ ಅಷ್ಟೇ ನಿಜ. ಹಾಗಾಗಿ ಊಟದ ಪ್ರಾರ್ಥನೆಯನ್ನು ನಾನು ಊಟದ ಒಂದು ಭಾಗ ಎಂದೇ ಎಣಿಸುತ್ತೇನೆ. ಬಡಿಸಿ ಆದ ಮೇಲೆ, ಎಲ್ಲರೂ ಕೂತ ಮೇಲೆ. ಒಬ್ಬರಿಗಾಗಿ ಒಬ್ಬರು ಕಾಯಬೇಕೆಂದು ಪೌಲನು ಕೊರಿಂಥದವರಿಗೆ ಬರೆದದ್ದು ಕೂಡಿ ಉಣ್ಣುವ ವಿಷಯವಾಗಿಯೇ. ಮೊಬೈಲು ಬೇರೆ ಕೋಣೆಯಲ್ಲಿ. ನಾಲ್ಕು ಎಣಿಸುವಷ್ಟು ಉಸಿರೆಳೆದು ಆರು ಎಣಿಸುವಷ್ಟು ಬಿಡುತ್ತ, ಹೀಗೆ ಐದಾರು ಸಲ, ಸುಮಾರು ಒಂದು ನಿಮಿಷ. ಆಮೇಲೆ ದೇವರಿಗೆ ಕೃತಜ್ಞತೆ, ಬೆಳೆದವರನ್ನೂ ಬೇಯಿಸಿದವರನ್ನೂ ನೆನೆದು. ಕಣ್ಣು ತೆರೆದಾಗ ಅನ್ನದ ಪರಿಮಳ ಮೂಗಿಗೆ ಬರುತ್ತದೆ, ಬಾಯಲ್ಲಿ ನೀರೂರಿರುತ್ತದೆ. ಜೀರ್ಣರಸಗಳು ತುತ್ತಿಗೆ ಮೊದಲೇ ಹೊರಟಿರುತ್ತವೆ. ಇಪ್ಪತ್ತು ನಿಮಿಷಕ್ಕಿಂತ ಬೇಗ ಏಳಬಾರದು.

ಮೇಜಿನ ಮೇಲೆ ಎತ್ತಬಾರದ ಮಾತುಗಳಿವೆ: ತೋಟದ ಪಾಲು, ಸಾಲ, ಮಕ್ಕಳ ಅಂಕ, ಕಾಫಿ ದರ. ಇವು ಬೇಡವೆಂದಲ್ಲ, ತಟ್ಟೆ ತೊಳೆದ ಮೇಲೆ ಕೂತು ಮಾತಾಡಬಹುದು. ಜಗಳದ ಔತಣಕ್ಕಿಂತ ಸಮಾಧಾನದ ಒಣ ತುತ್ತು ಮೇಲು ಎಂದು ಜ್ಞಾನೋಕ್ತಿ 17:1 ಹೇಳುತ್ತದೆ. ಪ್ರವಾದಿ ಎಲೀಯನ ಸಂಗತಿ ಅದಕ್ಕಿಂತಲೂ ಆಳದ್ದು. ಸಾಯಬೇಕೆಂದು ಬೇಡಿ ಮರುಭೂಮಿಯ ಗಿಡದ ಕೆಳಗೆ ಮಲಗಿದವನಿಗೆ ದೇವರು ಉಪದೇಶ ಕಳುಹಿಸಲಿಲ್ಲ; ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದ, ಮಲಗಿದ, ಎಬ್ಬಿಸಿ ಮತ್ತೆ ಉಣ್ಣಿಸಿದ ಮೇಲೆ ನಡೆದ; ದೇವರ ಪ್ರಶ್ನೆ ಬಂದದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಆನೆ ನುಗ್ಗಿ ಗದ್ದೆ ಹಾಳಾದವರು, ಕೊಯ್ಲಿನ ಹೊತ್ತಿಗೆ ಮಳೆ ಬಿದ್ದು ಕಂಗೆಟ್ಟವರು ಮನೆಗೆ ಬಂದರೆ ನಾನು ಈ ಕ್ರಮವನ್ನೇ ಹಿಡಿಯುತ್ತೇನೆ. ಒಂದು ಪಾಲು ಅಕ್ಕಿಗೆ ಎಂಟು ಪಾಲು ನೀರಿಟ್ಟ ಗಂಜಿ, ಉಪ್ಪು, ಒಂದು ಚಮಚ ತುಪ್ಪ. ಸಲಹೆಯ ಮಾತು ಆಮೇಲೆ, ಬೇಕಿದ್ದರೆ.

ರಾತ್ರಿ ಊಟ ತಡವಾಗುವುದು ಟಿವಿಯಿಂದ, ಟ್ಯೂಷನ್‌ನಿಂದ. ಎಷ್ಟೋ ಕಥೋಲಿಕ ಮನೆಗಳಲ್ಲಿ ಜಪಮಾಲೆ ಮುಗಿದ ಮೇಲೆ ಊಟ ಎಂಬ ರೂಢಿಯಿಂದ. ಜಪಮಾಲೆಯನ್ನು ಆರೂಕಾಲಿಗೆ ಎಳೆದುಕೊಳ್ಳಬಹುದು, ಇಲ್ಲವೆ ಉಂಡು ಎದ್ದು ಜಪಕ್ಕೆ ಕೂರಬಹುದು. ಎರಡನೆಯದು ಲೇಸು, ಕೂತೇ ಇರುವುದರಿಂದ ಆಮ್ಲ ಅಷ್ಟಾಗಿ ಮೇಲೇರುವುದಿಲ್ಲ. ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಇರಲಿ. ಪಂದಿಕರಿ (ಹಂದಿಮಾಂಸದ ಸಾರು) ಮಧ್ಯಾಹ್ನಕ್ಕೆ. ಅಷ್ಟು ಕೊಬ್ಬು, ಮೇಲೆ ಕಾಚಂಪುಳಿ ಎಂಬ ಕೊಡಗಿನ ಗಟ್ಟಿ ಹುಳಿ, ರಾತ್ರಿ ಎಂಟೂವರೆಗೆ ತಿಂದು ಹತ್ತಕ್ಕೆ ಮಲಗಿದರೆ ಎದೆಯುರಿ ಬಾರದಿರುವುದೇ ಆಶ್ಚರ್ಯ.

ಎಲ್ಲರಿಗೂ ಈ ಬಿಡುವು ಹೊಂದುವುದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹೊತ್ತು ಬದಲಿಸಬಾರದು. ನಡುಕ, ಬೆವರು, ಕಣ್ಣು ಮಂಜಾದರೆ ಆ ಕ್ಷಣವೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು, ನಿಯಮ ಆಮೇಲೆ. ಗರ್ಭಿಣಿಯರು, ಹಾಲೂಡಿಸುವವರು, ಚಿಕ್ಕ ಮಕ್ಕಳು, ತೂಕ ಕಡಿಮೆಯಿರುವ ವೃದ್ಧರು ನಡುವೆ ತಿನ್ನಲಿ, ಅದೂ ನಿಗದಿತ ಹೊತ್ತಿಗೆ. ಕೊಯ್ಲಿನ ದಿನಗಳಲ್ಲಿ ಮೈಮುರಿದು ದುಡಿಯುವವರಿಗೂ ನಾಲ್ಕೂವರೆಗೆ ಬಾಳೆಹಣ್ಣು, ಕಡಲೆಯಂಥ ಸಣ್ಣ ಊಟ ಬೇಕು. ಥೈರಾಯ್ಡ್ ಮಾತ್ರೆ ತಿಂಡಿಗೂ ಕಾಫಿಗೂ ಅರ್ಧದಿಂದ ಒಂದು ಗಂಟೆ ಮೊದಲು, ನೀರಿನ ಜೊತೆಗಷ್ಟೇ. ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ನಿದ್ದೆಯಿಂದ ಎಬ್ಬಿಸುವ ನೋವು ಕಂಡರೆ ಊಟದ ಹೊತ್ತು ಸರಿಪಡಿಸುತ್ತ ಕೂರಬಾರದು, ಆಸ್ಪತ್ರೆಗೆ ಹೋಗಬೇಕು. ಮನಸ್ಸಿನ ಕಾಯಿಲೆಗೆ ಮಾತ್ರೆ ತಿನ್ನುತ್ತಿದ್ದವರು ಹೊಟ್ಟೆ ಹಗುರಾಯಿತೆಂದು ಅದನ್ನು ನಿಲ್ಲಿಸಬಾರದು. ಮದ್ದು ತಿನ್ನುವುದು ವಿಶ್ವಾಸದ ಕೊರತೆಯಲ್ಲ.

ನೆಂಟರ ಮನೆಯಲ್ಲಿ ಕಾಫಿ ಕೊಟ್ಟರೆ ಕುಡಿಯಬೇಕು. ಬಡಿಸಿದ್ದನ್ನು ತಿನ್ನಿರಿ ಎಂದು ಯೇಸು ಶಿಷ್ಯರಿಗೆ ಹೇಳಿದ್ದು ಲೂಕ 10ರಲ್ಲಿದೆ. ತಿನ್ನುವ ಕುಡಿಯುವ ವಿಷಯದಲ್ಲಿ ಯಾರೂ ನಿಮಗೆ ತೀರ್ಪು ಮಾಡದಿರಲಿ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿದೆ. ಈ ಕ್ರಮವನ್ನು ಇನ್ನೊಬ್ಬರನ್ನು ಅಳೆಯುವ ಕೋಲು ಮಾಡಿಕೊಂಡರೆ ಸಿಕ್ಕ ಸಮಾಧಾನವೂ ಹೋಗುತ್ತದೆ. ಕ್ರಿಸ್ಮಸ್ ವಾರ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ, ಡಬ್ಬಿಯನ್ನು ಮೇಜಿನ ಮೇಲೆ ತೆರೆದಿಟ್ಟರೆ ಹೋಗುತ್ತ ಬರುತ್ತ ಕೈ ಅದಕ್ಕೇ ಹೋಗುತ್ತದೆ. ಡಬ್ಬಿ ಕಪಾಟಿನಲ್ಲಿರಲಿ, ಮಧ್ಯಾಹ್ನದ ಊಟವಾದ ಮೇಲೆ ಒಂದು ತಟ್ಟೆಗೆ ನೆವ್ರಿ, ಕುಲ್ಕುಲ್, ಗುಲಾಬಿ ಹೂವು ಹಾಕಿ ಎಲ್ಲರೂ ಕೂತು ಖುಷಿಯಾಗಿ ತಿನ್ನಲಿ. ಹಬ್ಬದ ಊಟ ಮೂರು ಗಂಟೆಗಾಯಿತೆಂದು ರಾತ್ರಿಯದನ್ನು ಹತ್ತಕ್ಕೆ ತಳ್ಳುವುದು ಬೇಡ, 6.45ಕ್ಕೆ ಒಂದು ಬಟ್ಟಲು ತಿಳಿಸಾರು ಕುಡಿದರೆ ಸಾಕು, ಮರುದಿನ 7.15ಕ್ಕೆ ಮಾಮೂಲಿನ ತಿಂಡಿ.