ಇಸಬ್‌ಗೋಲ್: ಸೂಕ್ಷ್ಮ ಕರುಳಿನವರು ಕುಡಿಯಬೇಕಾದ ಬಗೆ

ಔಷಧಿ ಅಂಗಡಿಯ ಗಲ್ಲಾದ ಹಿಂದೆ ನಿಂತವರಿಗೆ, ಜನ ಇಸಬ್‌ಗೋಲನ್ನು ಎಷ್ಟು ಬಗೆಯಲ್ಲಿ ಕೆಡಿಸಬಹುದು ಎಂಬುದು ಬೇಗ ತಿಳಿಯುತ್ತದೆ. ಇಸಬ್‌ಗೋಲ್ ಬೀಜದ ಸಿಪ್ಪೆಯಾದ ಒಣ ಹೊಟ್ಟನ್ನೇ ಬಾಯಿಗೆ ಸುರಿದುಕೊಂಡು ಎರಡು ಗುಟುಕು ನೀರು ಕುಡಿಯುವವರಿದ್ದಾರೆ. ‘ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯಲಿ’ ಎಂದು ಮೊದಲ ದಿನವೇ ಮೂರು ಚಮಚ ಹಾಕಿ, ಮರುದಿನ ಉಬ್ಬಿದ ಹೊಟ್ಟೆ ಹಿಡಿದುಕೊಂಡು ಬರುವವರಿದ್ದಾರೆ. ಬರೀ ಮಲಬದ್ಧತೆಯಾದರೆ ಇದು ಒಂದೆರಡು ದಿನದ ಪಾಡು. ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಎಂಬ, ಕರುಳಿನಲ್ಲಿ ಉರಿಯೂತ ಬಹುಕಾಲ ಉಳಿಯುವ ಕಾಯಿಲೆ ಇರುವವರಿಗೆ ಹಾಗಲ್ಲ.

ಮೊದಲ ಹೆಜ್ಜೆ ಅಂಗಡಿಯಲ್ಲಿಲ್ಲ, ವೈದ್ಯರ ಬಳಿ ಇದೆ. ‘ನನ್ನ ಕರುಳು ಎಲ್ಲಾದರೂ ಕಿರಿದಾಗಿದೆಯೇ?’ ಎಂದು ಕೇಳಿ. ಕ್ರೋನ್ಸ್‌ನಲ್ಲಿ ಗಾಯ ಮಾಗುತ್ತಾ ಕರುಳು ಬಿಗಿದುಕೊಳ್ಳುವುದುಂಟು. ನಮ್ಮಲ್ಲಿ ಇನ್ನೂ ಸಾಕಷ್ಟು ಕಾಣುವ ಕರುಳಿನ ಕ್ಷಯವೂ ಇದೇ ಕೆಲಸ ಮಾಡುತ್ತದೆ. ಅಂಥ ಜಾಗದಲ್ಲಿ ಉಬ್ಬಿದ ಹೊಟ್ಟು ಸಿಕ್ಕಿಕೊಂಡರೆ ಕರುಳು ಕಟ್ಟಿಕೊಳ್ಳುತ್ತದೆ. ಕಿರಿದಾಗಿದೆ ಎಂದರೆ ಮುಂದೆ ಓದುವ ಅಗತ್ಯವಿಲ್ಲ. ಕಾಯಿಲೆ ಕೆರಳಿ ರಕ್ತ ಬೀಳುತ್ತಿರುವಾಗಲೂ ಇದರ ಗೊಡವೆ ಬೇಡ. ರೋಗ ತಣ್ಣಗಿರುವಾಗ, ವೈದ್ಯರು ಒಪ್ಪಿದ ಮೇಲೆ ಶುರು ಮಾಡಿ.

ಎರಡನೆಯದು ಖರೀದಿ. ಗುಜರಾತಿನ ಉಂಝಾ, ಸಿದ್ಧಪುರದ ಕಡೆಯಿಂದ ಬರುವ ಸಾದಾ ಹೊಟ್ಟು ಸಾಕು. ಪುಡಿ ಮಾಡಿದ್ದು ಬೇಡ, ನೀರು ತಾಗಿದ ತಕ್ಷಣ ಗಂಟಾಗುತ್ತದೆ. ಕಿತ್ತಳೆ ರುಚಿಯ ಪೊಟ್ಟಣಗಳಲ್ಲಿ ಕೆಲವಕ್ಕೆ ಸಕ್ಕರೆ ಸುರಿದಿರುತ್ತಾರೆ. ಅದಕ್ಕಿಂತ ಕೆಟ್ಟವು ‘ಹೊಟ್ಟೆ ಶುದ್ಧಿ’ಯ ಚೂರ್ಣಗಳು. ಇಸಬ್‌ಗೋಲ್ ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಸೋನಾಮುಖಿ ಎಂದಿದ್ದರೆ ಹಿಂದಿರುಗಿಸಿ. ಅದು ಕರುಳನ್ನು ಕೆರಳಿಸಿ ಭೇದಿ ಮಾಡಿಸುವ ಎಲೆ. ‘ಪ್ರಿಬಯೋಟಿಕ್’ (ಒಳ್ಳೆಯ ಬ್ಯಾಕ್ಟೀರಿಯಾಗಳ ಆಹಾರ) ಎಂದು ದುಬಾರಿಗೆ ಮಾರುವ ಇನುಲಿನ್ ಎಂಬ ನಾರಿನ ಪುಡಿಯನ್ನೂ ಸ್ವಂತ ಬುದ್ಧಿಯಿಂದ ಕೊಳ್ಳಬೇಡಿ. ಅದು ಬೇಗ ಹುಳಿತು ಗಾಳಿ ತುಂಬುತ್ತದೆ. ಈ ಕಾಯಿಲೆಯ ಕೆಲವರಲ್ಲಿ, ಬ್ಯಾಕ್ಟೀರಿಯಾಗಳು ಅರಗಿಸದೆ ಉಳಿದ ಇನುಲಿನ್ ಜಾತಿಯ ನಾರು ಉರಿಯೂತವನ್ನೇ ಹೆಚ್ಚಿಸಬಹುದು ಎಂದು ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಇಸಬ್‌ಗೋಲಿನ ಲೋಳೆ ಬ್ಯಾಕ್ಟೀರಿಯಾಗಳಿಗೆ ನಿಧಾನವಾಗಿ, ಅಷ್ಟಿಷ್ಟೇ ದಕ್ಕುವಂಥದ್ದು. ನಾರು ಹುಳಿತಾಗ ಹುಟ್ಟುವ ಬ್ಯುಟಿರೇಟ್ ಎಂಬ ಆಮ್ಲವೇ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಆಹಾರ. ಅದನ್ನು ತಯಾರಿಸುವ ಬ್ಯಾಕ್ಟೀರಿಯಾಗಳು ಈ ರೋಗಿಗಳಲ್ಲಿ ಕಡಿಮೆಯಾಗಿರುವುದು ಮತ್ತೆ ಮತ್ತೆ ಕಂಡುಬಂದಿದೆ.

ಇನ್ನು ಎಲ್ಲರೂ ಎಡವುವ ಜಾಗ, ಕಲಸಿ ಕುಡಿಯುವುದು.

ದೊಡ್ಡ ಲೋಟ ತೆಗೆದುಕೊಳ್ಳಿ, 250 ಮಿಲಿಲೀಟರ್ ಹಿಡಿಯುವಂಥದ್ದು. ಕಾಫಿ ಲೋಟ ಸಾಲದು. ಅದರ ತುಂಬ ಮಾಮೂಲಿ ನೀರು ಅಥವಾ ಉಗುರುಬೆಚ್ಚಗಿನ ನೀರು ಹಾಕಿ. ನೀರು ಮೊದಲು, ಹೊಟ್ಟು ಆಮೇಲೆ. ಒಣ ಹೊಟ್ಟಿನ ಮೇಲೆ ನೀರು ಸುರಿದರೆ ತಳದಲ್ಲಿ ಅಂಟಿ ಕೂರುತ್ತದೆ. ಒಂದು ಕೈಯಲ್ಲಿ ಚಮಚ ತಿರುಗಿಸುತ್ತಾ ಇನ್ನೊಂದು ಕೈಯಿಂದ ಹೊಟ್ಟನ್ನು ಉದುರಿಸಿ. ಒಮ್ಮೆಗೇ ಸುರಿದರೆ ಗಂಟು ಕಟ್ಟಿದ ರಾಗಿ ಅಂಬಲಿಯ ಗತಿಯೇ: ಹೊರಗೆ ಲೋಳೆ, ಒಳಗೆ ಒಣ ಪುಡಿ. ಆ ಗಂಟು ಗಂಟಲಲ್ಲೋ ಅನ್ನನಾಳದಲ್ಲೋ ಉಬ್ಬಿದರೆ ಉಸಿರು ಕಟ್ಟುತ್ತದೆ. ಇದಕ್ಕಾಗಿಯೇ ಅಮೆರಿಕದಲ್ಲಿ ಇದರ ಪೊಟ್ಟಣದ ಮೇಲೆ ಎಚ್ಚರಿಕೆ ಅಚ್ಚು ಮಾಡುವುದು ಕಡ್ಡಾಯ. ಚೂರುಗಳು ನೀರಿನಲ್ಲಿ ತೇಲಾಡುತ್ತಿರುವಾಗಲೇ, ನೀರು ಇನ್ನೂ ತೆಳುವಾಗಿರುವಾಗಲೇ ಕುಡಿದು ಮುಗಿಸಿ. ಫೋನ್ ಬಂತೆಂದು ಐದು ನಿಮಿಷ ಬಿಟ್ಟರೆ ಚಮಚಕ್ಕೆ ಅಂಟುವ ಮುದ್ದೆಯಾಗುತ್ತದೆ. ಆಗ ಅದನ್ನು ನುಂಗಲು ಹೆಣಗಬೇಡಿ. ಇನ್ನಷ್ಟು ನೀರು ಬೆರೆಸಿ, ಇಲ್ಲವೇ ಚೆಲ್ಲಿ. ಕುಡಿದಾದ ಮೇಲೆ ಅದೇ ಲೋಟಕ್ಕೆ ಮತ್ತೆ ನೀರು ತುಂಬಿ, ಗೋಡೆಗೆ ಅಂಟಿದ್ದನ್ನು ಕಲಕಿ, ಅದನ್ನೂ ಕುಡಿಯಿರಿ. ಈ ಎರಡನೇ ಲೋಟವನ್ನು ಬಹುತೇಕ ಎಲ್ಲರೂ ಹಾರಿಸುತ್ತಾರೆ. ಕುಳಿತು ಕುಡಿಯಿರಿ. ಹಾಸಿಗೆಗೆ ಒರಗುವ ಹೊತ್ತಿನಲ್ಲಿ ಬೇಡವೇ ಬೇಡ, ಸಂಜೆಯೇ ಮುಗಿಸಿ. ನುಂಗಲು ತೊಂದರೆ ಇರುವ ಹಿರಿಯರಿಗೆ ಕೊಡಬೇಡಿ.

ಹಾಲಿನಲ್ಲಿ ಕದಡಿ ಕುಡಿಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ಹಾಲು ಒಗ್ಗದವರಿಗೆ ಬರುವ ಹೊಟ್ಟೆನೋವಿನ ದೂರು ಇಸಬ್‌ಗೋಲ್ ಮೇಲೆ ಬೀಳುತ್ತದೆ.

ಪ್ರಮಾಣ: ಮೊದಲ ವಾರ ದಿನಕ್ಕೊಮ್ಮೆ ಅರ್ಧ ಟೀ ಚಮಚ. ಗಾಳಿ, ಗುಡುಗುಡು ಇಲ್ಲದಿದ್ದರೆ ಮುಂದಿನ ವಾರ ಒಂದು ಚಮಚ. ಆಮೇಲೆ ವೈದ್ಯರು ಹೇಳಿದಲ್ಲಿಗೆ ನಿಲ್ಲಿಸಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆಯ ಅಂತರವಿರಲಿ. ಲೋಳೆ ಕೆಲವು ಔಷಧಿಗಳನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಅದನ್ನೂ ವೈದ್ಯರಿಗೆ ಮೊದಲೇ ಹೇಳಿಕೊಳ್ಳಬೇಕು.

‘ಇದನ್ನೇ ಕುಡಿದರೆ ಮೆಸಲಮೈನ್ ಮಾತ್ರೆ ಬಿಡಬಹುದಂತೆ’ ಎಂದು ಮೊಬೈಲ್ ತೋರಿಸುವವರಿಗೆ ಒಂದು ಮಾತು. ಮೆಸಲಮೈನ್ ಎಂದರೆ ಕರುಳಿನ ಉರಿಯೂತ ತಗ್ಗಿಸುವ ಔಷಧಿ. 1999ರಲ್ಲಿ ಸ್ಪೇನಿನ ವೈದ್ಯರು ಪ್ರಕಟಿಸಿದ ಅಧ್ಯಯನ ಆ ಸುದ್ದಿಯ ಮೂಲ. ರೋಗ ತಣ್ಣಗಿದ್ದ 105 ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಲ್ಲಿ ಒಂದು ಗುಂಪಿಗೆ ಇಸಬ್‌ಗೋಲ್, ಇನ್ನೊಂದಕ್ಕೆ ಮೆಸಲಮೈನ್, ಮತ್ತೊಂದಕ್ಕೆ ಎರಡೂ ಕೊಟ್ಟರು. ವರ್ಷದ ಕೊನೆಗೆ ಚಿಕಿತ್ಸೆ ವಿಫಲವಾದದ್ದು ಕ್ರಮವಾಗಿ ಶೇ 40, 35 ಮತ್ತು 30ರಷ್ಟು ಜನರಲ್ಲಿ. ಅಂತರ ಸಣ್ಣದು, ಅಧ್ಯಯನವೂ ಸಣ್ಣದು. ಯಾರು ಏನು ತೆಗೆದುಕೊಳ್ಳುತ್ತಿದ್ದಾರೆ ಎಂಬುದು ವೈದ್ಯರಿಗೂ ರೋಗಿಗಳಿಗೂ ತಿಳಿದಿತ್ತು. ಅಲ್ಲಿ ಕೊಟ್ಟದ್ದು ದಿನಕ್ಕೆರಡು ಬಾರಿ 10 ಗ್ರಾಂ ಬೀಜ, ನಮ್ಮ ಪೊಟ್ಟಣದ ಹೊಟ್ಟಲ್ಲ. ಮಾತ್ರೆ ಬಿಡಲು ಇಷ್ಟು ಆಧಾರ ಸಾಲದು. ಮಾತ್ರೆಯ ಜೊತೆಗೆ ಇದನ್ನೂ ಸೇರಿಸಬಹುದೇ ಎಂದು ವೈದ್ಯರನ್ನು ಕೇಳಲು ಸಾಕು.

ಹೊಟ್ಟೆ ಹಿಂಡಿ ವಾಂತಿಯಾದರೆ, ಗಾಳಿಯೂ ಹೋಗದೆ ಹೊಟ್ಟೆ ಬಿಗಿದರೆ ಆಸ್ಪತ್ರೆಗೆ ಹೊರಡಿ. ಮಲದಲ್ಲಿ ರಕ್ತ ಕಂಡರೆ ಅಂದೇ ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಪೊಟ್ಟಣ ಒಡೆದ ಮೇಲೆ ಹೊಟ್ಟನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಒದ್ದೆ ಚಮಚ ಅದ್ದಬೇಡಿ. ಅಲರ್ಜಿ ಇರುವವರು ಸುರಿಯುವಾಗ ಮೂಗನ್ನು ದೂರವಿಡಿ, ಅದರ ಧೂಳಿಗೆ ಉಬ್ಬಸ ಬರುವವರಿದ್ದಾರೆ.