ಮನೆಯ ಆಡಿಯೊ ಆಂಪ್ಲಿಫೈಯರಿಗೆ ಟ್ಯೂಬ್ ಆರಿಸುವ ಬಗೆ

ಟ್ಯೂಬ್ (ಗಾಜಿನ ನಿರ್ವಾತ ನಳಿಕೆ) ಕೊಳ್ಳಲು ಹೊರಡುವ ಮುನ್ನ ಆಂಪ್ಲಿಫೈಯರಿನ ಸರ್ಕ್ಯೂಟ್ ನಕ್ಷೆಯನ್ನು, ಅದು ಸಿಗದಿದ್ದರೆ ತಯಾರಕರ ಕೈಪಿಡಿಯನ್ನಾದರೂ, ಎದುರಿಗೆ ಇಟ್ಟುಕೊಳ್ಳಬೇಕು. ಯಾವ ಟ್ಯೂಬಿನ ನಾದ ಇಂಪು, ಯಾವುದರದು ಒರಟು ಎಂಬ ಚರ್ಚೆ ಆಮೇಲಿನದು. ಆ ಸಾಕೆಟ್ಟಿನಲ್ಲಿ ಕೂರುವ ಟ್ಯೂಬ್ ಎಷ್ಟು ವೋಲ್ಟೇಜನ್ನು ತಾಳಬೇಕು, ಎಷ್ಟು ಕರೆಂಟನ್ನು ಹರಿಸಬೇಕು, ಅದನ್ನು ಒಳಗಿನಿಂದ ಕಾಯಿಸುವ ಹೀಟರಿಗೆ ಪವರ್ ಟ್ರಾನ್ಸ್‌ಫಾರ್ಮರ್ ಎಷ್ಟು ಒದಗಿಸಬಲ್ಲದು ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಸಿಗಬೇಕು. ಈ ಉತ್ತರಗಳು ಆ ನಕ್ಷೆಯಲ್ಲೋ ಕೈಪಿಡಿಯಲ್ಲೋ ಸಿಗುತ್ತವೆ. ಅವುಗಳಿಗೆ ಹೋಲಿಸಬೇಕಾದ ಟ್ಯೂಬಿನ ಮಿತಿಗಳು ಟ್ಯೂಬಿನ ಡೇಟಾಶೀಟಿನಲ್ಲಿ ಇರುತ್ತವೆ, ಮತ್ತು ಹಳೆಯ ತಯಾರಕರು ಆ ಕಾಲದಲ್ಲಿ ಮುದ್ರಿಸಿದ ಡೇಟಾಶೀಟುಗಳು ಇಂದಿಗೂ ಅತ್ಯಂತ ನಂಬಲರ್ಹವಾದ ದಾಖಲೆಗಳಾಗಿವೆ.

ಹೆಸರುಗಳನ್ನು ಓದುವುದನ್ನು ಕಲಿತರೆ ಅರ್ಧ ಗೊಂದಲ ಕರಗುತ್ತದೆ. ಒಂದೇ ಟ್ಯೂಬಿಗೆ ಅಮೆರಿಕದ ಹೆಸರು ಒಂದು, ಯುರೋಪಿನ ಹೆಸರು ಇನ್ನೊಂದು: 12ಎಎಕ್ಸ್7 ಮತ್ತು ಇಸಿಸಿ83 ಒಂದೇ, 6ಬಿಕ್ಯೂ5 ಮತ್ತು ಇಎಲ್84 ಒಂದೇ, 5ಎಆರ್4 ಮತ್ತು ಜಿಝಡ್34 ಒಂದೇ. ಅಮೆರಿಕದ ಪದ್ಧತಿಯಲ್ಲಿ ಮೊದಲ ಸಂಖ್ಯೆ ಹೀಟರಿನ ವೋಲ್ಟೇಜನ್ನು ಸುಮಾರಾಗಿ ತಿಳಿಸುತ್ತದೆ. ಯುರೋಪಿನ ಪದ್ಧತಿಯಲ್ಲಿ ಆ ಕೆಲಸ ಮೊದಲ ಅಕ್ಷರದ್ದು: ‘ಇ’ ಎಂದರೆ 6.3 ವೋಲ್ಟ್, ‘ಜಿ’ ಎಂದರೆ 5 ವೋಲ್ಟ್, ‘ಪಿ’ ಎಂದರೆ 300 ಮಿಲಿಆಂಪಿಯರಿನ ಸರಣಿ ಹೀಟರ್. (12ಎಎಕ್ಸ್7ರ ಹೀಟರನ್ನು 12.6 ಅಥವಾ 6.3 ವೋಲ್ಟ್ ಎರಡಕ್ಕೂ ವೈರ್ ಮಾಡಬಹುದಾದ್ದರಿಂದ ಅದರ ಎರಡು ಹೆಸರುಗಳೂ ಸರಿ.) ಮುಂದಿನ ಅಕ್ಷರಗಳಲ್ಲಿ ‘ಸಿ’ ಕ್ಯಾಥೋಡ್, ಗ್ರಿಡ್, ಪ್ಲೇಟ್ ಎಂಬ ಮೂರು ಎಲೆಕ್ಟ್ರೋಡುಗಳ ಟ್ರಯೋಡನ್ನೂ, ‘ಎಲ್’ ಔಟ್‌ಪುಟ್ ಪೆಂಟೋಡನ್ನೂ (ಸ್ಕ್ರೀನ್, ಸಪ್ರೆಸರ್ ಎಂಬ ಇನ್ನೆರಡು ಗ್ರಿಡ್ಡುಗಳಿರುವ ಟ್ಯೂಬ್), ‘ಝಡ್’ ಎಸಿಯನ್ನು ಡಿಸಿಯಾಗಿಸುವ ಪೂರ್ಣತರಂಗ ರೆಕ್ಟಿಫೈಯರನ್ನೂ ಸೂಚಿಸುತ್ತವೆ. ಇಸಿಸಿ88 ಮತ್ತು ಪಿಸಿಸಿ88 ಹೀಟರಿನ ಹೊರತು ಒಂದೇ ಎಂಬುದು ಹೆಸರಿನಿಂದಲೇ ಗೊತ್ತಾಗುವುದು ಹೀಗೆ.

ಪ್ರಿಆಂಪ್ಲಿಫೈಯರ್ ಹಂತದ ಒಂಬತ್ತು ಪಿನ್ನಿನ ಜೋಡಿ ಟ್ರಯೋಡುಗಳಲ್ಲಿ ಎಲ್ಲರೂ ಮೊದಲು ಕೇಳುವುದು ವರ್ಧನಾಂಕವನ್ನು, ಅಂದರೆ ಟ್ಯೂಬ್ ಸಂಕೇತವನ್ನು ಹೆಚ್ಚೆಂದರೆ ಎಷ್ಟು ಪಟ್ಟು ಹಿಗ್ಗಿಸಬಲ್ಲದು ಎಂಬುದನ್ನು. 12ಎಎಕ್ಸ್7ಗೆ ಅದು 100, 5751ಕ್ಕೆ 70, 12ಎಟಿ7ಗೆ 60, 12ಎವೈ7ಗೆ 44, 12ಎಯು7ಗೆ ಸುಮಾರು 17ರಿಂದ 20. ಇವೆಲ್ಲವುಗಳ ಪಿನ್ ಜೋಡಣೆ ಒಂದೇ ಆದ್ದರಿಂದ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ಹೆಚ್ಚಿನ ಸಂದರ್ಭಗಳಲ್ಲಿ ಸದ್ದು ಬರುತ್ತದೆ, ಮತ್ತು ಸದ್ದು ಬಂದ ಮಾತ್ರಕ್ಕೆ ಸರಿಯಾಯಿತೆಂದು ಅನೇಕರು ಭಾವಿಸುತ್ತಾರೆ. 12ಎಎಕ್ಸ್7 ಒಂದು ಮಿಲಿಆಂಪಿಯರಿನ ಆಸುಪಾಸಿನಲ್ಲಿ ಕೆಲಸ ಮಾಡುವ ಟ್ಯೂಬ್. ಅದಕ್ಕಾಗಿ ಪ್ಲೇಟಿಗೆ 100 ಕಿಲೊಓಮ್ ರೆಸಿಸ್ಟರ್ ಹಾಕಿರುತ್ತಾರೆ. 12ಎಯು7ರ ಡೇಟಾಶೀಟ್ 250 ವೋಲ್ಟಿನಲ್ಲಿ 10.5 ಮಿಲಿಆಂಪಿಯರ್ ತೋರಿಸುತ್ತದೆ. ಅಷ್ಟು ದೊಡ್ಡ ರೆಸಿಸ್ಟರಿನ ಹಿಂದೆ ಅದು ತನಗೆ ಒಗ್ಗುವ ಕರೆಂಟಿನ ಅಲ್ಪಭಾಗವನ್ನಷ್ಟೇ ಪಡೆಯುವುದರಿಂದ ವಿಕೃತಿ ಹೆಚ್ಚುತ್ತದೆ. ಇದರ ಜೊತೆಗೆ, ಔಟ್‌ಪುಟ್ಟಿನಿಂದ ಹಿಂದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಎಳೆದಿರುವ ಆಂಪ್ಲಿಫೈಯರುಗಳಲ್ಲಿ ಒಳಗಿನ ಗೇನ್ ಬದಲಾದರೆ ಫೀಡ್‌ಬ್ಯಾಕಿನ ಪ್ರಮಾಣವೂ ಬದಲಾಗುತ್ತದೆ. ಗೇನ್ ಸ್ವಲ್ಪ ಕಡಿಮೆಯಾಗಬೇಕು, ಉಳಿದದ್ದೆಲ್ಲ ಹಾಗೆಯೇ ಇರಬೇಕು ಎನ್ನುವವರಿಗೆ 12ಎಎಕ್ಸ್7ರ ಬದಲು 5751 ಹಾಕುವುದೇ ನನ್ನ ಸಲಹೆ. ಅದರ ಹೀಟರ್ 6.3 ವೋಲ್ಟಿನಲ್ಲಿ 0.3ರ ಬದಲು 0.35 ಆಂಪಿಯರ್ ಎಳೆಯುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ಇಸಿಸಿ88, ಅಂದರೆ 6ಡಿಜೆ8, ನೋಡಲು ಇವುಗಳಂತೆಯೇ ಇದ್ದರೂ ಬೇರೆಯೇ ಟ್ಯೂಬ್. ಅದರ ಹೀಟರ್ 4 ಮತ್ತು 5ನೇ ಪಿನ್ನುಗಳ ನಡುವೆ ಇದ್ದು, 9ನೇ ಪಿನ್ ಒಳಗಿನ ಲೋಹದ ಪರದೆಗೆ ಸೇರಿದೆ. 6.3 ವೋಲ್ಟಿಗೆ ವೈರ್ ಮಾಡಿದ 12ಎಎಕ್ಸ್7 ಸಾಕೆಟ್ಟಿನಲ್ಲಿ 4 ಮತ್ತು 5ನ್ನು ಒಟ್ಟಿಗೆ ಸೇರಿಸಿ, ಇನ್ನೊಂದು ತುದಿಯನ್ನು 9ಕ್ಕೆ ಕೊಟ್ಟಿರುತ್ತಾರೆ. ಅಲ್ಲಿ ಇಸಿಸಿ88ನ್ನು ಕೂರಿಸಿದರೆ ಹೀಟರಿನ ಎರಡು ತುದಿಗಳೂ ಒಂದೇ ತಂತಿಗೆ ಸಿಕ್ಕಿ ಅದು ಬೆಳಗುವುದೇ ಇಲ್ಲ. ಪ್ಲೇಟಿನ ಮೇಲೆ ಅದು ತಾಳುವ ಗರಿಷ್ಠ ವೋಲ್ಟೇಜ್ ಕೂಡ 130 ಮಾತ್ರ. ಇದೇ ಕುಟುಂಬದ ಇ88ಸಿಸಿ, ಅಂದರೆ 6922, ದೀರ್ಘ ಬಾಳಿಕೆಯನ್ನು ಗುರಿಯಾಗಿಟ್ಟುಕೊಂಡು ತಯಾರಾದ ರೂಪವಾಗಿದ್ದು, ಇಸಿಸಿ88ಕ್ಕೆಂದೇ ರೂಪಿಸಿದ ಸ್ಥಾನದಲ್ಲಿ ಹೆಚ್ಚು ಹಣ ಕೊಟ್ಟು ಕೊಳ್ಳಲು ಯೋಗ್ಯವಾಗಿದೆ.

ಔಟ್‌ಪುಟ್ ಟ್ಯೂಬುಗಳ ವಿಷಯದಲ್ಲಿ ಆತುರ ದುಬಾರಿಯಾಗುತ್ತದೆ, ಏಕೆಂದರೆ ಇಲ್ಲಿ ತಪ್ಪಿದರೆ ಸುಡುವುದು ಟ್ರಾನ್ಸ್‌ಫಾರ್ಮರ್. ಪ್ಲೇಟ್ ಸುರಕ್ಷಿತವಾಗಿ ಹೊರಹಾಕಬಲ್ಲ ಶಾಖದ ಮಿತಿ ಇಎಲ್84ಕ್ಕೆ 12 ವಾಟ್, ಇಎಲ್34ಕ್ಕೆ 25, 6ಎಲ್6ಜಿಸಿಗೆ 30, ಕೆಟಿ88 ಮತ್ತು 6550ಕ್ಕೆ 42. ಆಕ್ಟಲ್ (ಎಂಟು ಪಿನ್ನಿನ) ತಳದ ಈ ದೊಡ್ಡ ಟ್ಯೂಬುಗಳೆಲ್ಲ ಒಂದೇ ಸಾಕೆಟ್ಟಿನಲ್ಲಿ ಕೂರುತ್ತವೆ ಎಂಬುದೇ ಆಕರ್ಷಣೆಯೂ ಅಪಾಯವೂ ಆಗಿದೆ. 6ಎಲ್6ಜಿಸಿಯ ಹೀಟರಿಗೆ 0.9 ಆಂಪಿಯರ್ ಸಾಕು, ಇಎಲ್34ಕ್ಕೆ 1.5 ಬೇಕು. ನಾಲ್ಕು ಟ್ಯೂಬುಗಳಿರುವ ಸ್ಟೀರಿಯೊ ಆಂಪ್ಲಿಫೈಯರಿನಲ್ಲಿ ಈ ಬದಲಾವಣೆ 3.6 ಆಂಪಿಯರಿನ ಹೊರೆಯನ್ನು 6ಕ್ಕೆ ಏರಿಸುತ್ತದೆ. ಪವರ್ ಟ್ರಾನ್ಸ್‌ಫಾರ್ಮರ್ ಅದಕ್ಕೆಂದು ಸುತ್ತಿದ್ದಲ್ಲದಿದ್ದರೆ ಗಂಟೆಗಟ್ಟಲೆ ಕಾದು ಕೊನೆಗೆ ಸುರುಳಿಯ ನಿರೋಧಕ ಪದರವೇ ಸುಡುತ್ತದೆ. ಇಎಲ್34ರ 1ನೇ ಪಿನ್ ಅದರ ಸಪ್ರೆಸರ್ ಗ್ರಿಡ್ ಆಗಿರುವುದರಿಂದ ಅದನ್ನು 8ನೇ ಪಿನ್ನಿನ ಕ್ಯಾಥೋಡಿಗೆ ಸೇರಿಸಲೇಬೇಕು, ಆದರೆ 6ಎಲ್6ಗೆಂದು ಕಟ್ಟಿದ ಆಂಪ್ಲಿಫೈಯರಿನಲ್ಲಿ ಆ ಸಂಪರ್ಕ ಇಲ್ಲದಿರಬಹುದು. ಗ್ರಿಡ್ ಲೀಕ್ ರೆಸಿಸ್ಟರಿನ ಮಿತಿಯೂ ಬೇರೆ: ಗ್ರಿಡ್ಡಿಗೆ ಪ್ರತ್ಯೇಕ ನೆಗೆಟಿವ್ ವೋಲ್ಟೇಜ್ ಕೊಡುವ ಫಿಕ್ಸೆಡ್ ಬಯಾಸಿನಲ್ಲಿ ಇಎಲ್34 500 ಕಿಲೊಓಮ್‌ವರೆಗೆ ಒಪ್ಪುತ್ತದೆ, 6ಎಲ್6ಜಿಸಿ 100 ಕಿಲೊಓಮ್ ಮಾತ್ರ. ಅದನ್ನು ಮೀರಿದರೆ ಟ್ಯೂಬ್ ಬಿಸಿಯೇರಿದಂತೆ ಕರೆಂಟು ತಾನಾಗಿಯೇ ಏರುತ್ತಾ ಹೋಗುವ ಸಾಧ್ಯತೆಯಿದೆ. ಆದ್ದರಿಂದ ಒಂದು ಜಾತಿಯಿಂದ ಇನ್ನೊಂದಕ್ಕೆ ಹೋಗುವುದಕ್ಕೆ ತಯಾರಕರ ಲಿಖಿತ ಅನುಮತಿ ಇಲ್ಲದಿದ್ದರೆ, ಇರುವ ಜಾತಿಯಲ್ಲೇ ಒಳ್ಳೆಯ ಟ್ಯೂಬನ್ನು ಹುಡುಕುವುದು ವಿವೇಕ.

ಬಯಾಸ್, ಅಂದರೆ ಸಂಕೇತವಿಲ್ಲದಾಗ ಟ್ಯೂಬಿನಲ್ಲಿ ಹರಿಯುವ ಕರೆಂಟನ್ನು ನಿಗದಿಪಡಿಸುವ ಲೆಕ್ಕ, ಕಷ್ಟದ್ದಲ್ಲ. ಎರಡು ಬದಿಯ ಟ್ಯೂಬುಗಳು ಸಂಕೇತವನ್ನು ಹಂಚಿಕೊಂಡು ದುಡಿಯುವ ಕ್ಲಾಸ್ ಎಬಿ ಪುಷ್-ಪುಲ್ ಆಂಪ್ಲಿಫೈಯರಿನಲ್ಲಿ ಪ್ಲೇಟಿನ ಮಿತಿಯ ಸುಮಾರು 70 ಪ್ರತಿಶತವನ್ನು ವಿಶ್ರಾಂತ ಸ್ಥಿತಿಯ ಮೇಲ್ಮಿತಿ ಎಂದು ಇಟ್ಟುಕೊಳ್ಳುವುದು ರೂಢಿ. ಪ್ಲೇಟ್ ವೋಲ್ಟೇಜ್ 425 ಇರುವ ಇಎಲ್34ಕ್ಕೆ 25ರ 70 ಪ್ರತಿಶತ 17.5 ವಾಟ್, ಅದನ್ನು 425ರಿಂದ ಭಾಗಿಸಿದರೆ 41 ಮಿಲಿಆಂಪಿಯರ್. ಕ್ಯಾಥೋಡಿನಲ್ಲಿ 10 ಓಮ್ ರೆಸಿಸ್ಟರ್ ಇದ್ದರೆ ಮೀಟರಿನಲ್ಲಿ 410 ಮಿಲಿವೋಲ್ಟ್ ಕಾಣಬೇಕು. ಕ್ಯಾಥೋಡಿನಲ್ಲಿ ಅಳೆದ ಕರೆಂಟಿನಲ್ಲಿ ಸ್ಕ್ರೀನ್ ಗ್ರಿಡ್ಡಿನ ಪಾಲೂ ಸೇರಿರುವುದರಿಂದ ಪ್ಲೇಟಿನ ನಿಜವಾದ ಹೊರೆ ಇನ್ನೂ ತುಸು ಕಡಿಮೆಯೇ ಇರುತ್ತದೆ, ಹಾಗಾಗಿ ಈ ಲೆಕ್ಕ ಸುರಕ್ಷಿತವಾದ ಕಡೆಗೇ ವಾಲುತ್ತದೆ. ಆಂಪ್ಲಿಫೈಯರಿನ ಒಳಗೆ ನೂರಾರು ವೋಲ್ಟ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರುತ್ತದೆ. ಹೊರಗಡೆಯೇ ಅಳತೆಯ ಬಿಂದುಗಳಿಲ್ಲದ ಆಂಪ್ಲಿಫೈಯರಿನ ಬಯಾಸನ್ನು ಅನುಭವವಿರುವ ತಂತ್ರಜ್ಞರ ಕೈಯಲ್ಲೇ ಹೊಂದಿಸಬೇಕು. ಸೆಲ್ಫ್ ಬಯಾಸ್ ಇರುವ ಆಂಪ್ಲಿಫೈಯರಿನಲ್ಲಿ ಕ್ಯಾಥೋಡ್ ರೆಸಿಸ್ಟರೇ ಈ ಕೆಲಸ ಮಾಡುವುದರಿಂದ ಅಲ್ಲಿ ಮಾಲೀಕರು ಹೊಂದಿಸುವಂಥದ್ದೇನೂ ಇರುವುದಿಲ್ಲ.

ಪುಷ್-ಪುಲ್ ಆಂಪ್ಲಿಫೈಯರಿಗೆ ಟ್ಯೂಬುಗಳನ್ನು ಹೊಂದಿಸಿದ ಜೋಡಿಯಾಗಿಯೇ ಕೊಳ್ಳಬೇಕು. ಎರಡೂ ಬದಿಯ ಕರೆಂಟು ಸಮವಾಗಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿ ನೇರ ಕರೆಂಟಿನ ಕಾಂತತ್ವ ಪರಸ್ಪರ ರದ್ದಾಗುತ್ತದೆ. ಉಂಗುರದಾಕಾರದ ಟೊರಾಯ್ಡ್ ಟ್ರಾನ್ಸ್‌ಫಾರ್ಮರುಗಳಂತೂ ಸಣ್ಣ ಅಸಮತೆಯನ್ನೂ ಸಹಿಸುವುದಿಲ್ಲ, ಮೊದಲು ಕೆಡುವುದು ಬಾಸ್. ಮಾರಾಟಗಾರರು ‘ಮ್ಯಾಚ್ಡ್’ ಎಂದರೆ ಸಾಲದು. ಯಾವ ವೋಲ್ಟೇಜಿನಲ್ಲಿ, ಎಷ್ಟು ಹೊತ್ತು ಕಾಯಿಸಿದ ಮೇಲೆ, ಪ್ಲೇಟ್ ಕರೆಂಟ್ ಮತ್ತು ಟ್ರಾನ್ಸ್‌ಕಂಡಕ್ಟನ್ಸ್ (ಗ್ರಿಡ್ ವೋಲ್ಟೇಜ್ ಬದಲಾದಾಗ ಪ್ಲೇಟ್ ಕರೆಂಟು ಬದಲಾಗುವ ಪ್ರಮಾಣ) ಎರಡನ್ನೂ ಅಳೆದರೋ ಎಂದು ಕೇಳಿ ಸಂಖ್ಯೆಗಳನ್ನು ಬರೆಸಿಕೊಳ್ಳಬೇಕು.

300ಬಿಯಂಥ ನೇರ ತಾಪದ (ಕಾಯುವ ತಂತಿಯೇ ಕ್ಯಾಥೋಡ್ ಆಗಿರುವ) ಟ್ರಯೋಡುಗಳ ಮೋಹಕ್ಕೆ ಸಿಕ್ಕವರು ಮೊದಲು ತಮ್ಮ ಸ್ಪೀಕರನ್ನು ನೋಡಿಕೊಳ್ಳಲಿ. ಸಿಂಗಲ್ ಎಂಡೆಡ್, ಅಂದರೆ ಒಂಟಿಯಾಗಿ ದುಡಿಯುವ, 300ಬಿಯಿಂದ ಸುಮಾರು 8 ವಾಟ್, 2ಎ3ಯಿಂದ ಸುಮಾರು 3.5 ವಾಟ್ ದೊರೆಯುತ್ತದೆ. 87 ಡೆಸಿಬೆಲ್ ಸಂವೇದನೆಯ ಸ್ಪೀಕರಿಗಿಂತ 96 ಡೆಸಿಬೆಲ್ಲಿನದ್ದು ಅದೇ ಪವರಿನಲ್ಲಿ ಎಂಟು ಪಟ್ಟು ಪರಿಣಾಮ ಕೊಡುವುದರಿಂದ, 8 ವಾಟ್ ಎರಡನೆಯದಕ್ಕೆ ಧಾರಾಳ, ಮೊದಲನೆಯದಕ್ಕೆ ಕೊರತೆ.

ರೆಕ್ಟಿಫೈಯರ್ ಟ್ಯೂಬಿನಲ್ಲಿ ನೋಡಬೇಕಾದದ್ದು ಹೀಟರ್ ಕರೆಂಟ್, ವೋಲ್ಟೇಜ್ ಇಳಿತ ಮತ್ತು ಮೊದಲ ಕೆಪಾಸಿಟರಿನ ಮಿತಿ. ಜಿಝಡ್34 1.9 ಆಂಪಿಯರ್ ಹೀಟರಿನಿಂದ 250 ಮಿಲಿಆಂಪಿಯರ್ ಕೊಡುತ್ತದೆ, ಮೊದಲ ಕೆಪಾಸಿಟರ್ 60 ಮೈಕ್ರೊಫ್ಯಾರಡ್ ಮೀರಬಾರದು. 5ಯು4ಜಿಗೆ 3 ಆಂಪಿಯರ್ ಹೀಟರ್ ಬೇಕು. 5ವೈ3 ಕೊಡುವುದು 125 ಮಿಲಿಆಂಪಿಯರ್ ಮಾತ್ರ. ಇವೆರಡಕ್ಕಿಂತ ಜಿಝಡ್34ರಲ್ಲಿ ವೋಲ್ಟೇಜ್ ಇಳಿತ ಬಹಳ ಕಡಿಮೆಯಾದ್ದರಿಂದ, ಅವುಗಳ ಜಾಗದಲ್ಲಿ ಇದನ್ನು ಹಾಕಿದರೆ ಇಡೀ ಆಂಪ್ಲಿಫೈಯರಿನ ವೋಲ್ಟೇಜ್ ಏರಿ, ಬಯಾಸನ್ನು ಹೊಸದಾಗಿ ಅಳೆಯಬೇಕಾಗುತ್ತದೆ.

ಹೊಸದೋ ಹಳೆಯದೋ ಎಂಬ ಪ್ರಶ್ನೆಗೆ ನನ್ನ ನಿಲುವು ಸ್ಪಷ್ಟವಾಗಿದೆ. ಔಟ್‌ಪುಟ್ ಟ್ಯೂಬುಗಳು ಸವೆಯುವ ಭಾಗಗಳು; ಅವನ್ನು ಇಂದಿಗೂ ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ತಯಾರಿಸುತ್ತಿದ್ದಾರೆ, ಅವುಗಳಲ್ಲೇ ಚೆನ್ನಾಗಿ ಅಳೆದ ಜೋಡಿಯನ್ನು ಕೊಳ್ಳುವುದು ಸಾಕು. ಮುಲ್ಲಾರ್ಡ್, ಟೆಲಿಫಂಕನ್, ಆರ್‌ಸಿಎ ಎಂಬ ಹಿಂದಿನ ತಯಾರಕರ ಹಳೆಯ ದಾಸ್ತಾನಿಗೆ ಹಣ ಹಾಕುವುದಿದ್ದರೆ ಅದು ಸಂಕೇತ ಮೊದಲು ಪ್ರವೇಶಿಸುವ ಸಾಕೆಟ್ಟಿಗೇ ಸಲ್ಲಬೇಕು, ಏಕೆಂದರೆ ಅಲ್ಲಿನ ಪ್ರತಿ ಸಣ್ಣ ಗುಸುಗುಸುವೂ ಮುಂದಿನ ಎಲ್ಲ ಹಂತಗಳಲ್ಲಿ ಹಿಗ್ಗುತ್ತದೆ. ಗಾಜಿನ ಮೇಲಿನ ಬಣ್ಣದ ಅಚ್ಚನ್ನು ಯಾರು ಬೇಕಾದರೂ ಹೊಸದಾಗಿ ಹಾಕಬಹುದಾದ್ದರಿಂದ ಅದನ್ನು ನಂಬದೆ, ಮುಲ್ಲಾರ್ಡಿನ ಗಾಜಿನ ಮೇಲೆ ಕೊರೆದ ಕಾರ್ಖಾನೆಯ ಸಂಕೇತವನ್ನು, ಟೆಲಿಫಂಕನ್ನಿನ ತಳದ ಗಾಜಿನಲ್ಲಿ ಪಿನ್ನುಗಳ ನಡುವೆ ಅಚ್ಚೊತ್ತಿದ ವಜ್ರಾಕೃತಿಯನ್ನು ಭೂತಗನ್ನಡಿಯಿಂದ ಹುಡುಕಬೇಕು. ಅದಿದ್ದರೂ ಟ್ಯೂಬ್ ಬಳಸದೆ ಉಳಿದದ್ದು ಎಂದಾಗುವುದಿಲ್ಲ. ಅಳತೆಯ ಫಲಿತಾಂಶ ಇಲ್ಲಿಯೂ ಬೇಕು.

ಕೈಗೆ ಬಂದ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರೆ ಗಾಜಿನ ಒಳಗೆ ಉಳಿದ ಅನಿಲವನ್ನು ಹೀರಿಕೊಳ್ಳುವ ಗೆಟ್ಟರಿನ ಬೆಳ್ಳಿಯಂತೆ ಹೊಳೆಯುವ ಲೇಪ ಕಾಣಬೇಕು. ಅದು ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಒಳಹೊಕ್ಕಿದೆ, ಟ್ಯೂಬ್ ಸತ್ತಿದೆ. ಸ್ಪೀಕರ್ ಜೋಡಿಸಿದ ಮೇಲೆಯೇ ಸ್ವಿಚ್ ಹಾಕಿ ಮೊದಲ ಹದಿನೈದು ನಿಮಿಷ ಪ್ಲೇಟುಗಳ ಮೇಲೆ ಕಣ್ಣಿಟ್ಟಿರಬೇಕು: ಲೋಹ ಕೆಂಪಾಗತೊಡಗಿದರೆ ತಕ್ಷಣ ಆರಿಸಬೇಕು. ಗಾಜಿನ ಒಳಮೈಗೆ ಅಂಟಿದಂತಿರುವ ನೀಲಿ ಬೆಳಕು ನಿರಪಾಯಕಾರಿ. ಎಲೆಕ್ಟ್ರೋಡುಗಳ ನಡುವೆ ತುಂಬಿಕೊಳ್ಳುವ ನೇರಳೆ ಬೆಳಕು ಒಳಗೆ ಅನಿಲವಿರುವ ಗುರುತು. ಪ್ರಿಆಂಪ್ ಟ್ಯೂಬನ್ನು ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆಯಂಥ ಠಣತ್ಕಾರ ಉಳಿದರೆ ಅದು ಮೈಕ್ರೊಫೋನಿಕ್. ಮೊದಲ ಹಂತದಿಂದ ಅದನ್ನು ತೆಗೆದು ಗೇನ್ ಕಡಿಮೆಯಿರುವ ನಂತರದ ಹಂತದ ಸಾಕೆಟ್ಟಿಗೆ ಕಳಿಸಬಹುದು. ಹೊಸ ಔಟ್‌ಪುಟ್ ಜೋಡಿಯ ಕರೆಂಟು ಆರಂಭದ ಕೆಲವು ಹತ್ತು ಗಂಟೆಗಳಲ್ಲಿ ಸ್ವಲ್ಪ ಸರಿದಾಡುವುದರಿಂದ ಬಯಾಸನ್ನು ಹಾಕಿದ ದಿನ ಒಮ್ಮೆ, ಕೆಲವು ವಾರಗಳ ಬಳಿಕ ಇನ್ನೊಮ್ಮೆ ಅಳೆದು, ಎರಡೂ ಸಲದ ಸಂಖ್ಯೆಗಳನ್ನು ಟ್ಯೂಬಿನ ಪೆಟ್ಟಿಗೆಯ ಮೇಲೆ ದಿನಾಂಕದೊಂದಿಗೆ ಬರೆದಿಡಬೇಕು.